ಅಜ್ಜನ ಹೆಸರಿನ ಬಾಲ

ಮಗಳ ಮದುವೆ ನಿಶ್ಚಯವಾದ ಮೇಲೆ ತಂದೆಯಾದವನಿಗೆ ಮಾಡುವ ಕೆಲಸ ಬೇಕಾದಷ್ಟಿರುತ್ತದೆ. ಕುರಿ ಹೇಳಿಡಬೇಕು, ವಾದ್ಯದವರನ್ನು ಗೊತ್ತು ಮಾಡಬೇಕು, ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ಓಡಾಡಿಕೊಂಡಿರಬೇಕು. ನಮ್ಮ ಸ್ಪಾಸೆ ಇದ್ಯಾವುದನ್ನೂ ಮಾಡಲಿಲ್ಲ. ಸತ್ತು ಮುಕ್ಕಾಲು ಶತಮಾನವಾಗಿದ್ದ ತನ್ನ ಅಜ್ಜನ ಹೆಸರನ್ನು ಸರಿಪಡಿಸಲು ಹೊರಟ.

ಸ್ಪಾಸೆ ನನ್ನ ಪಕ್ಕದ ಮನೆಯವನು. ನಮ್ಮ ಸ್ತುದೆನಾ ಊರಿನ ತಂಬಾಕು ಖರೀದಿ ಕೇಂದ್ರದಲ್ಲಿ ತಕ್ಕಡಿ ನೋಡಿಕೊಂಡಿದ್ದು ನಿವೃತ್ತನಾದವನು. ಸಾಧು ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವವನಲ್ಲ. ಒಂದು ಸಲ ಬಾವಿಗೆ ಬಿದ್ದ ಚಮಚಕ್ಕಾಗಿ ಬಾವಿಯ ನೀರನ್ನೆಲ್ಲ ಹೊರಗೆ ಹಾಕಿದ್ದ. ಚಮಚ ಸಿಕ್ಕಿತು, ಅದು ನಮ್ಮ ಮನೆಯದು. ಅವನ ಬಳಿ ಕಾರಿಲ್ಲ, ನನ್ನ ಬಳಿ ಒಂದು ಮುದಿ ಕಾರಿದೆ. ಹೀಗಾಗಿ ಈ ಕಥೆಯ ಎಲ್ಲ ತಿರುವುಗಳಲ್ಲೂ ಸ್ಟೀರಿಂಗ್ ಹಿಡಿದು ಕೂತಿದ್ದವನು ನಾನು.

ಎಲ್ಲ ಶುರುವಾದದ್ದು ಲಗ್ನಪತ್ರಿಕೆಯಿಂದ. ಮಗಳು ಎಲಿತ್ಸಾ, ನೆಗೊವೊ ಊರಿನ ಬೋಯನ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಇಬ್ಬರೂ ರಾಜಧಾನಿ ಸ್ಕೋಪ್ಯೆಯ ಒಂದೇ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಎರಡೂ ಮನೆಯವರು ಒಪ್ಪಿದ್ದರು. ಪತ್ರಿಕೆಯಲ್ಲಿ ಹುಡುಗಿಯ ಹೆಸರು, ಹುಡುಗನ ಹೆಸರು, ಚರ್ಚು, ಊಟ ಇಷ್ಟಿದ್ದರೆ ಸಾಕಿತ್ತು. ಸ್ಪಾಸೆ ಒಂದು ಸಾಲು ಸೇರಿಸಿದ: ‘ನಮ್ಮೂರ ಗಂಟೆಯನ್ನು ಉಳಿಸಿದ ವೀರ ದಮ್ಯಾನ್ ಮಿತ್ರಿಚ್ ಅವರ ಮರಿಮಗಳು.’

ಆ ವೀರನ ಕಥೆ ನಮ್ಮೂರಿನ ಮಕ್ಕಳಿಗೂ ಗೊತ್ತು. ಮೊದಲನೇ ಮಹಾಯುದ್ಧದಲ್ಲಿ ಸಿಪಾಯಿಗಳು ಊರೂರಿನ ಚರ್ಚಿನ ಗಂಟೆಗಳನ್ನು ಕರಗಿಸಿ ಫಿರಂಗಿ ಮಾಡಲು ಹೊತ್ತುಕೊಂಡು ಹೋಗುತ್ತಿದ್ದರು. ನಮ್ಮೂರ ಗಂಟೆಯನ್ನು ದಮ್ಯಾನ್ ಎಂಬವನು ಗಿರಣಿಯ ಕೆರೆಯಲ್ಲಿ ಮುಳುಗಿಸಿಟ್ಟ. ಸಿಪಾಯಿಗಳು ಎಷ್ಟು ಹೊಡೆದರೂ ಹೇಳಲಿಲ್ಲ. ಯುದ್ಧ ಮುಗಿದ ಮೇಲೆ ಊರವರು ಗಂಟೆ ಮೇಲೆತ್ತಿ, ಚರ್ಚಿನ ಬಾಗಿಲ ಪಕ್ಕದಲ್ಲಿ ಒಂದು ಕಲ್ಲು ನೆಟ್ಟು ಅವನ ಹೆಸರು ಕೆತ್ತಿಸಿದರು.

ಪತ್ರಿಕೆ ಅಚ್ಚು ಹಾಕುವ ಗಿಲೆ ಆ ಸಾಲು ಓದಿ ಪೆನ್ನು ಕೆಳಗಿಟ್ಟ.

“ಕಲ್ಲಿನ ಮೇಲಿರೋನು ಮಿತ್ರಿಚ್. ನಿಮ್ಮಜ್ಜನ ಸಮಾಧಿ ಮೇಲೆ ಮಿತ್ರೆವ್ ಅಂತಿದೆ. ನೀನು ನೋಡಿದ್ರೆ ದಮ್ಯಾನೊವ್‌ಸ್ಕಿ. ಯಾರದ್ದೋ ಗಂಟೆ ತಂದು ನಿನ್ನ ಮಗಳ ಕುತ್ತಿಗೆಗೆ ಯಾಕಪ್ಪ ಕಟ್ತೀಯಾ?”

ನಮ್ಮ ಕಡೆ ಹೆಸರುಗಳ ಹಣೆಬರಹವೇ ಹೀಗೆ. ಅಪ್ಪನದೋ ಅಜ್ಜನದೋ ಹೆಸರಿಗೆ ಒಂದು ಬಾಲ ಅಂಟಿಸಿದರೆ ಅದೇ ಮನೆತನದ ಹೆಸರು. ಸರ್ಬಿಯಾದವರು ಆಳುವಾಗ ಎಲ್ಲರ ಹೆಸರಿಗೂ ‘ಇಚ್’ ಎಂಬ ಬಾಲ. ಬಲ್ಗೇರಿಯಾದವರು ಬಂದರು, ‘ಇಚ್’ ಕತ್ತರಿಸಿ ‘ಎವ್’ ಹೊಲಿದರು. ಅವರೂ ಹೋದರು, ನಮ್ಮದೇ ಸರ್ಕಾರ ಬಂತು, ‘ಸ್ಕಿ’ ತಂತು. ಮನುಷ್ಯ ಮನೆ ಬಿಟ್ಟು ಕದಲಿರುವುದಿಲ್ಲ. ಅದೇ ಒಲೆ, ಅದೇ ಕುರ್ಚಿ, ಅದೇ ಕೆಮ್ಮು. ಬಾಲ ಮಾತ್ರ ಮೂರು ಸಲ ಬದಲಾಗಿರುತ್ತದೆ.

“ಅವೆಲ್ಲ ಒಬ್ಬನದೇ ಹೆಸರು. ಬಾಲ ಬೇರೆ ಅಷ್ಟೆ” ಅಂದ ಸ್ಪಾಸೆ.

“ಹಾಗಂತ ನೀನು ಹೇಳ್ತೀಯಾ. ನಾಯಿಗೂ ಬಾಲ ಇದೆ, ಕುದುರೆಗೂ ಬಾಲ ಇದೆ” ಅಂದ ಗಿಲೆ.

ಅಂಗಡಿಯಲ್ಲಿದ್ದವರು ನಕ್ಕರು. ಸ್ಪಾಸೆ ನಗಲಿಲ್ಲ. ಟೋಪಿ ಹಾಕಿಕೊಂಡು ಸೀದಾ ನನ್ನ ಮನೆಗೆ ಬಂದ.

“ತೋಮೆ, ಕಾರು ತೆಗಿ.”

ಜಿಲ್ಲೆಯ ದಾಖಲೆ ಕಚೇರಿಯಲ್ಲಿ ಸ್ನೆಜಾನಾ ಎಂಬ ಹೆಣ್ಣುಮಗಳು ಕೂತಿದ್ದಳು. ಕೆಲಸ ಬಲ್ಲವಳು, ಆದ್ದರಿಂದ ಅವಸರವಿಲ್ಲದವಳು.

“ಅರ್ಜಿ ಕೊಟ್ಟು ಹೋಗಿ. ಪತ್ರ ಬರುತ್ತೆ” ಅಂದಳು.

“ಪರವಾಗಿಲ್ಲಮ್ಮ, ಕಾಯ್ತೀನಿ” ಅಂದ ಸ್ಪಾಸೆ, ಗೋಡೆಗೆ ಒರಗಿಸಿದ್ದ ಕುರ್ಚಿಯಲ್ಲಿ ಕೂತ.

ಊಟದ ಹೊತ್ತಿಗೆ ಎದ್ದು ಹೋಗುತ್ತಾನೆ ಅಂದುಕೊಂಡಳು ಪಾಪ. ಅವನು ಚೀಲದಿಂದ ರೊಟ್ಟಿ, ಗಿಣ್ಣು, ಈರುಳ್ಳಿ ತೆಗೆದು ಅಲ್ಲೇ ಊಟ ಮುಗಿಸಿದ. ಮರುದಿನವೂ ಬಂದ. ಆ ವಾರವಿಡೀ ಬಂದ. ಬಂದವರಿಗೆ ಜನನ ಪತ್ರಕ್ಕೆ ಎಡಗಡೆ, ಜಮೀನಿಗೆ ಬಲಗಡೆ ಎಂದು ದಾರಿ ತೋರಿಸತೊಡಗಿದ. ಒಬ್ಬ ಮುದುಕಿ ಅವನನ್ನೇ ದೊಡ್ಡ ಸಾಹೇಬ ಅಂದುಕೊಂಡು ಒಂದು ಕೋಳಿ ಕೊಟ್ಟು ಹೋದಳು. ಕೊನೆಗೆ ಸ್ನೆಜಾನಾ ತನ್ನ ಕುರ್ಚಿ ಉಳಿಸಿಕೊಳ್ಳಬೇಕೆಂದೋ ಏನೋ, ಧೂಳು ಹಿಡಿದ ಕಟ್ಟುಗಳನ್ನೆಲ್ಲ ಕೆಳಗಿಳಿಸಿ ಹುಡುಕಿದಳು.

ಒಂದು ಸರ್ಕಾರದ ಕಾಲದಲ್ಲಿ ದಮ್ಯಾನ್ ಮಿತ್ರಿಚ್, ತಂದೆ ಮಿತ್ರೆ, ಮನೆ ಚರ್ಚಿನ ಕೆಳಗೆ. ಇನ್ನೊಂದು ಸರ್ಕಾರದ ಕಾಲದಲ್ಲಿ ದಮ್ಯಾನ್ ಮಿತ್ರೆವ್, ತಂದೆ ಮಿತ್ರೆ, ಮನೆ ಚರ್ಚಿನ ಕೆಳಗೆ.

“ಇಬ್ಬರೂ ಒಬ್ಬನೇ ಇರಬೇಕು” ಅಂದಳು ಸ್ನೆಜಾನಾ.

“‘ಇರಬೇಕು’ ಅಂತ ಬರೀಬೇಡಿ ತಾಯಿ. ‘ಹೌದು’ ಅಂತ ಬರೀರಿ.”

ಬರೆದಳು. ‘ಈ ಇಬ್ಬರೂ ಒಬ್ಬನೇ ವ್ಯಕ್ತಿ’ ಎಂದು ಬರೆದು ದುಂಡನೆಯ ಮೊಹರು ಒತ್ತಿದಳು. ಸ್ಪಾಸೆ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಹಸುಗೂಸನ್ನು ತರುವ ಹಾಗೆ ಕಾರಿಗೆ ತಂದ. ದಾರಿಯಲ್ಲಿ ಹಳ್ಳಕೊಳ್ಳ ಬಂದಾಗಲೆಲ್ಲ ನನಗೆ “ನಿಧಾನ” ಅಂದ.

ಅಲ್ಲಿಗೆ ಬಿಟ್ಟಿದ್ದರೆ ಗಿಲೆಯ ಬಾಯಿ ಮುಚ್ಚುತ್ತಿತ್ತು, ಕಥೆಯೂ ಮುಗಿಯುತ್ತಿತ್ತು. ಸ್ಪಾಸೆ ಅದಕ್ಕೆ ಗಾಜಿನ ಕಟ್ಟು ಹಾಕಿಸಿದ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಪಾದ್ರಿ ಯೋನ ಅವರಿಂದ ಊರಿಗೆಲ್ಲ ಓದಿಸಿದ. ಓದಿದ್ದು ಸಾಲದೆಂದು ಪಾದ್ರಿಗಳ ಕೈಯಲ್ಲಿದ್ದ ಶಿಲುಬೆ ಮುಟ್ಟಿ, “ಇದರಲ್ಲಿರೋದೆಲ್ಲ ನಿಜ” ಎಂದು ಪ್ರಮಾಣವನ್ನೂ ಮಾಡಿದ. ಪ್ರಮಾಣ ಮಾಡು ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ಅವನ ಹೆಂಡತಿ ನೆವೆಂಕಾ ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಕೇಳಿದಳು. “ಕುರಿ ಏನಾಯ್ತು?”

ಗಿಲೆ ಮರುಮಾತಾಡದೆ ಪತ್ರಿಕೆ ಅಚ್ಚು ಹಾಕಿದ. ಮುಂದಿನ ಶನಿವಾರ ಬೀಗರು ಊಟಕ್ಕೆ ಬಂದರು.

ಹುಡುಗನ ತಂದೆ ಲಜಾರ್ ಬೆಗಾಲೋವ್ ಜೇನು ಸಾಕುವವರು. ಭಾರಿ ಎತ್ತರದ ಆಳು. ಒಳಗೆ ಬರುವಾಗ ಬಾಗಿಲ ಚೌಕಟ್ಟಿಗೆ ಹಣೆ ಹೊಡೆಸಿಕೊಂಡು, “ನಿಮ್ಮೂರಲ್ಲಿ ಬಾಗಿಲು ಗಿಡ್ಡ” ಎಂದು ಚೌಕಟ್ಟನ್ನೇ ಕ್ಷಮಿಸಿದರು. ಮಡಕೆಯಲ್ಲಿ ಬೇಯಿಸಿದ ಕಾಳು, ಹುರಿದ ಮೆಣಸಿನಕಾಯಿ, ಮನೆಯಲ್ಲೇ ಇಳಿಸಿದ ಹಣ್ಣಿನ ಸಾರಾಯಿ ರಾಕಿಯಾ. ಮೇಜಿನ ತಲೆಯಲ್ಲಿ ಪಾದ್ರಿ ಯೋನ, ಎದುರುಬದುರು ಎಲಿತ್ಸಾ, ಬೋಯನ್. ನಾನೂ ಇದ್ದೆ, ಬೀಗರನ್ನು ಬಸ್ ನಿಲ್ದಾಣದಿಂದ ಕರೆತಂದವನು ನಾನೇ ಆದ್ದರಿಂದ. ಎಲ್ಲರ ಲೋಟಕ್ಕೂ ಎರಡನೇ ಸುತ್ತು ಬಿದ್ದಾಗ ಸ್ಪಾಸೆ ಲಗ್ನಪತ್ರಿಕೆ ತಂದು ಬೀಗರ ಕೈಗಿತ್ತ.

ಲಜಾರ್ ಕನ್ನಡಕ ಹಾಕಿಕೊಂಡು ಓದಿದರು. ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

“ಅಕ್ಷರ ಬಂಗಾರದ ಬಣ್ಣ ಬೀಗ್ರೇ. ಮಾಮೂಲಿ ಹಳದಿ ಅಲ್ಲ” ಅಂದ ಸ್ಪಾಸೆ.

“ಈ ದಮ್ಯಾನ್ ಮಿತ್ರಿಚ್...”

“ನಮ್ಮಜ್ಜ.”

“ಗಂಟೇನ ಕೆರೇಲಿ ಮುಳುಗಿಸಿದೋರು?”

“ಅವರೇ.”

“ಸಿಪಾಯಿಗಳು ಹೊಡೆದ್ರೂ ಬಾಯಿ ಬಿಡದೋರು?”

“ಹಲ್ಲು ಬಿತ್ತಂತೆ ಬೀಗ್ರೇ, ಬಾಯಿ ಮಾತ್ರ ಬಿಡಲಿಲ್ಲ.”

ಲಜಾರ್ ಪತ್ರಿಕೆಯನ್ನು ಮೇಜಿನ ಮೇಲಿಟ್ಟರು. “ಮದುವೆ ದಿನ ಎಲ್ಲರ ಮುಂದೆ ಹೇಳೋಣ ಅಂತ ಬಚ್ಚಿಟ್ಕೊಂಡಿದ್ದೆ. ಇನ್ನು ಬಚ್ಚಿಟ್ಟು ಏನು. ನಮ್ಮಜ್ಜ ನಿಮ್ಮೂರಿನವರು. ಗಂಟೆ ಮುಳುಗಿಸಿ, ಏಟು ತಿಂದು, ತಪ್ಪಿಸಿಕೊಂಡು ನೆಗೊವೊಗೆ ಓಡಿ ಬಂದೋರು. ಅಲ್ಲಿ ಜನ ‘ಬೆಗಾಲ್’ ಅಂದ್ರು, ಓಡಿಬಂದವನು ಅಂತ. ಅದೇ ನಮ್ಮ ಮನೆತನದ ಹೆಸರಾಗಿ ನಿಂತುಬಿಡ್ತು. ನಿಜವಾದ ಹೆಸರು ದಮ್ಯಾನ್ ಮಿತ್ರಿಚ್.”

ಸ್ಪಾಸೆಯ ಮುಖ ನಿಧಾನವಾಗಿ ಅರಳಿತು. ಅವನ ಕಾಗದಕ್ಕೆ ಇನ್ನೊಂದು ಊರಿನಿಂದ ಸಾಕ್ಷಿ ಸಿಕ್ಕಿತ್ತು. ಎದ್ದು ಮೇಜು ಸುತ್ತಿ ಹೋಗಿ ಲಜಾರರನ್ನು ಕೈಗೆ ಸಿಕ್ಕಷ್ಟು ತಬ್ಬಿಕೊಂಡ.

“ಹಾಗಾದ್ರೆ ನಾವಿಬ್ಬರೂ ಅಣ್ಣತಮ್ಮಂದಿರು. ಒಬ್ಬ ಅಜ್ಜನ ಮೊಮ್ಮಕ್ಕಳು. ಏನು ಸುಯೋಗ ನೋಡಿ.”

ಪಾದ್ರಿ ಯೋನ ಕೈಯಲ್ಲಿದ್ದ ಮೆಣಸಿನಕಾಯಿ ತಟ್ಟೆಗಿಟ್ಟರು.

“ಸ್ಪಾಸೆ, ಕೂತ್ಕೋ” ಅಂದಳು ನೆವೆಂಕಾ.

“ಯಾಕೆ?”

“ನೀವಿಬ್ಬರೂ ಅಣ್ಣತಮ್ಮಂದಿರಾದ್ರೆ, ಈ ಇಬ್ಬರು ಮಕ್ಕಳು ಏನಾದ್ರು?”

ಸ್ಪಾಸೆ ಎಲಿತ್ಸಾಳನ್ನು ನೋಡಿದ, ಬೋಯನ್‌ನನ್ನು ನೋಡಿದ, ಆಮೇಲೆ ಕೂತ.

ಪಾದ್ರಿಗಳು ಎಣ್ಣೆಯ ಬೆರಳುಗಳಲ್ಲೇ ಲೆಕ್ಕ ಹಾಕಿದರು. ಹುಡುಗಿಯಿಂದ ದಮ್ಯಾನನವರೆಗೆ ಮೂರು ತಲೆ ಮೇಲಕ್ಕೆ, ದಮ್ಯಾನನಿಂದ ಹುಡುಗನವರೆಗೆ ಮೂರು ತಲೆ ಕೆಳಕ್ಕೆ. ಆರು. “ಏಳು ದಾಟದೆ ನಾನು ಮದುವೆ ಕಿರೀಟ ಇಡೋ ಹಾಗಿಲ್ಲ. ಧರ್ಮದಲ್ಲಿ ಇಲ್ಲ” ಅಂದರು.

“ನಿಮಗೆ ಇದು ಗೊತ್ತಾಗಲೇ ಇಲ್ಲ ಅಂದ್ಕೊಳ್ಳಿ ಪಾದ್ರಿಗಳೇ” ಅಂದೆ ನಾನು.

“ಹೇಗೆ ಅಂದ್ಕೊಳ್ಳೋದು ತೋಮೆ? ಕಾಗದ ಓದಿದೋನು ನಾನೇ. ಇವನು ಮುಟ್ಟಿದ್ದು ನನ್ನ ಕೈಲಿದ್ದ ಶಿಲುಬೆ.”

ಲಜಾರರ ಮುಖ ಗಂಟಾಗಿತ್ತು. “ಚರ್ಚಿನಲ್ಲಿ ಆಗದ ಮದುವೇನ ನಾನು ಮದುವೆ ಅನ್ನಲ್ಲ. ಅದಿರಲಿ, ಇನ್ನೊಂದು ಮಾತು. ನಮ್ಮಜ್ಜಿ ಜೊತೆ ನೆಗೊವೊದಲ್ಲಿದ್ದ ನಮ್ಮಜ್ಜ, ಇಲ್ಲಿ ನಿಮ್ಮಜ್ಜಿ ಜೊತೆ ಯಾವಾಗ ಇದ್ರು?”

ಬೀಗರು ಹಣ್ಣು ಮುಟ್ಟದೆ ಎದ್ದು ಹೊರಟರು. ಸೋಮವಾರದ ಹೊತ್ತಿಗೆ ಊರಿಗೆಲ್ಲ ಸುದ್ದಿ: ವೀರ ದಮ್ಯಾನನಿಗೆ ಎರಡೂರಲ್ಲಿ ಇಬ್ಬರು ಹೆಂಡಿರು. ಗಂಡಸರಲ್ಲಿ ದಮ್ಯಾನನ ಮೇಲಿದ್ದ ಗೌರವ ಇನ್ನೂ ಹೆಚ್ಚಿತು. ಹೆಂಗಸರು ಆ ಕಲ್ಲಿನ ಮುಂದೆ ಹಚ್ಚುತ್ತಿದ್ದ ಮೇಣದಬತ್ತಿ ನಿಲ್ಲಿಸಿದರು.

ಎಲಿತ್ಸಾ ಅಳಲಿಲ್ಲ, ಕೂಗಾಡಲಿಲ್ಲ. ಹಟದಲ್ಲಿ ಅಪ್ಪನ ಮಗಳೇ. ಗೋಡೆಯ ಮೇಲಿದ್ದ ಕಟ್ಟು ಹಾಕಿದ ಕಾಗದವನ್ನು ಇಳಿಸಿ ಅವನ ತೊಡೆಯ ಮೇಲಿಟ್ಟಳು.

“ಅಪ್ಪಾ, ಇಬ್ಬರನ್ನ ಒಬ್ಬ ಮಾಡಿದ್ದು ನೀನು. ಮತ್ತೆ ಇಬ್ಬರು ಮಾಡೋದೂ ನೀನೇ.”

“ಮಾಡ್ತೀನಮ್ಮ” ಅಂದ ಸ್ಪಾಸೆ. ಟೋಪಿ ಹಾಕಿಕೊಂಡು ನನ್ನ ಮನೆಗೆ ಬಂದ.

ನಾನು ಕಾರು ತೆಗೆದೇ ನಿಲ್ಲಿಸಿದ್ದೆ.

ಬಾಗಿಲಲ್ಲಿ ಸ್ಪಾಸೆಯನ್ನು ಕಂಡು ಸ್ನೆಜಾನಾ ಮೊದಲು ಮಾಡಿದ ಕೆಲಸ ಗೋಡೆ ಪಕ್ಕದ ಕುರ್ಚಿಯ ಮೇಲೆ ಒಂದು ಕಡತದ ಕಟ್ಟು ಇಟ್ಟದ್ದು.

“ತಾಯಿ, ಅವರು ಒಬ್ಬನಲ್ಲ. ಇಬ್ಬರು” ಅಂದ ಸ್ಪಾಸೆ.

“ವಾರವಿಡೀ ಇಲ್ಲಿ ಕೂತು ಒಬ್ಬನೇ ಅಂದ್ರಿ.”

“ತಪ್ಪಾಯ್ತು.”

“ತಂದೆ ಹೆಸರು ಒಂದೇ. ಬೀದಿ ಒಂದೇ. ಇಬ್ಬರು ಅನ್ನೋಕೆ ನಿಮ್ಮ ಹತ್ತಿರ ಏನು ಆಧಾರ?”

“ನನ್ನ ಮಗಳ ಮದುವೆ.”

ಸ್ನೆಜಾನಾ ಕುರ್ಚಿಯ ಮೇಲಿಟ್ಟಿದ್ದ ಕಟ್ಟನ್ನು ತೆಗೆದಳು. ಅವಳೂ ಹೆಣ್ಣು ಹೆತ್ತವಳೇ ಇರಬೇಕು. “ನೋಡಿ ಅಣ್ಣ, ನಮ್ಮಲ್ಲಿ ಇಬ್ಬರನ್ನ ಒಂದು ಮಾಡೋಕೆ ಅರ್ಜಿ ಇದೆ, ಒಬ್ಬನನ್ನ ಇಬ್ಬರು ಮಾಡೋಕೆ ಇಲ್ಲ. ಈ ಕಾಗದಗಳು ಇಷ್ಟೇ ಹೇಳ್ತವೆ, ಇದಕ್ಕಿಂತ ಹೆಚ್ಚು ಹೇಳಲ್ಲ. ಆ ಕಾಲ ಕಂಡೋರು, ಕೇಳಿದೋರು ಯಾರಾದ್ರೂ ಬದುಕಿದ್ದಾರಾ?”

“ಎಲ್ಲಿ ಬದುಕಿರ್ತಾರೆ” ಎಂದು ಸ್ಪಾಸೆ ನಿಟ್ಟುಸಿರು ಬಿಟ್ಟ.

“ಸ್ಪಾಸೆ, ಕಲಿನಾ ಅತ್ತೆ ಇದ್ದಾಳಲ್ಲೋ” ಅಂದೆ ನಾನು.

ಅವನು ನನ್ನನ್ನು ನೋಡಿದ. ಅವನ ಅಪ್ಪನ ಒಡಹುಟ್ಟಿದ ತಂಗಿ, ದಮ್ಯಾನಜ್ಜನ ಸ್ವಂತ ಮಗಳು, ತೊಂಬತ್ತು ದಾಟಿದವಳು, ಅವನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಬದುಕಿದ್ದಳು. ಆ ಕಾಗದಗಳ ನಡುವೆ ಅವಳು ಅವನಿಗೆ ಮರೆತೇ ಹೋಗಿದ್ದಳು.

ಕಲಿನಾ ಅತ್ತೆ ಅಂಗಳದಲ್ಲಿ ಸಣ್ಣ ಮಣೆ ಹಾಕಿಕೊಂಡು ಸುಟ್ಟ ಕೆಂಪು ಮೆಣಸಿನಕಾಯಿಗಳ ಸಿಪ್ಪೆ ಸುಲಿಯುತ್ತಿದ್ದಳು. ಮೊಣಕೈವರೆಗೂ ಕೆಂಪು. ನಾವು ಹೋದದ್ದನ್ನು ಕಂಡು ಆಶ್ಚರ್ಯಪಡಲಿಲ್ಲ. ಇಬ್ಬರ ಕೈಗೂ ಒಂದೊಂದು ಚಾಕು ಕೊಟ್ಟಳು.

“ಅತ್ತೆ, ಕಲ್ಲಿನ ಮೇಲಿರೋ ದಮ್ಯಾನ್ ಯಾರು?” ಎಂದು ಕೇಳಿದ ಸ್ಪಾಸೆ.

“ಉದ್ದ ದಮ್ಯಾನ್.”

“ಮತ್ತೆ ನಮ್ಮಜ್ಜ?”

“ನಿದ್ದೆ ದಮ್ಯಾನ್.”

ಸ್ಪಾಸೆಯ ಚಾಕು ನಿಂತಿತು. ಕಲಿನಾ ಅತ್ತೆಯ ಚಾಕು ನಿಲ್ಲಲಿಲ್ಲ.

“ಚರ್ಚಿನ ಕೆಳಗೆ ಎಡಕ್ಕೆ ಒಬ್ಬ ಮಿತ್ರೆ, ಬಲಕ್ಕೊಬ್ಬ ಮಿತ್ರೆ. ಇಬ್ಬರೂ ಮಗನಿಗೆ ದಮ್ಯಾನ್ ಅಂತ ಇಟ್ಟರು. ‘ಇಚ್’ ಅಂದಾಗ ಇಬ್ಬರೂ ಇಚ್, ‘ಎವ್’ ಅಂದಾಗ ಇಬ್ಬರೂ ಎವ್. ಸರ್ಕಾರಕ್ಕೇನು ಗೊತ್ತು. ಊರವರು ಒಬ್ಬನಿಗೆ ಉದ್ದ ಅಂದ್ರು, ಒಬ್ಬನಿಗೆ ನಿದ್ದೆ ಅಂದ್ರು. ನಮ್ಮಪ್ಪ ಸೋಮಾರಿ ಅಲ್ಲಪ್ಪ. ನಿದ್ದೆ ಬರ್ತಿತ್ತು. ನಿಂತಲ್ಲೇ ಬರ್ತಿತ್ತು.”

“ಮತ್ತೆ ಗಂಟೆ?”

“ಗಂಟೇನ ಸಿಪಾಯಿಗಳು ಇಳಿಸಿ ಗಾಡಿಗೆ ಹೇರಿದ್ರು. ರೈಲು ನಿಲ್ದಾಣಕ್ಕೆ ಮುಟ್ಟಿಸು ಅಂತ ನಮ್ಮಪ್ಪನಿಗೆ ಹೇಳಿದ್ರು. ಎತ್ತು ಬೇರೆ ಯಾರದ್ದೋ, ಎರವಲು. ಜೊತೆಗೆ ಉದ್ದ ದಮ್ಯಾನ್‌ನ ಕಳಿಸಿದ್ರು. ಬೇಸಿಗೆ ಮಧ್ಯಾಹ್ನ. ಅವನು ಹಿಂದೆ ನಡೀತಿದ್ದ, ನಮ್ಮಪ್ಪ ಮುಂದೆ ಕೂತು ಹೊಡೀತಿದ್ದ. ಗಿರಣಿ ತಿರುವಿನಲ್ಲಿ ನಿದ್ದೆ ಹೋದ. ಎತ್ತಿಗೆ ಬಾಯಾರಿಕೆ, ಕೆರೆ ಕಡೆ ಇಳಿದ್ವು. ಗಾಡಿ ಮಗುಚ್ತು, ಗಂಟೆ ನೀರಿಗೆ ಬಿತ್ತು. ಆಗ ನಮ್ಮಪ್ಪನಿಗೆ ಎಚ್ಚರ ಆಯ್ತು.”

ನಾನು ನಗು ತಡೆಯಲು ಮೆಣಸಿನಕಾಯಿಯೊಂದನ್ನು ಬಾಯಿಗೆ ಹಾಕಿಕೊಂಡೆ. ಖಾರದ್ದು.

“ಅಯ್ಯೋ ಸಿಪಾಯಿಗಳಿಗೆ ಹೇಳೋಣ, ಎಳೆದು ತೆಗೆಯೋಣ ಅಂತ ನಮ್ಮಪ್ಪ ಓಡೋಕೆ ಹೊರಟ. ಉದ್ದ ದಮ್ಯಾನ್ ಅವನ ಬಾಯಿ ಮುಚ್ಚಿ ಹಿಡ್ಕೊಂಡ. ‘ಬಿದ್ದಿದ್ದು ಒಳ್ಳೇದಾಯ್ತು. ನೀನು ಮನೆಗೆ ಹೋಗಿ ಮಲಗು, ನಿನಗೇನು ಅದು ಹೊಸದಲ್ಲ’ ಅಂದ. ಸಿಪಾಯಿಗಳ ಹತ್ತಿರ ತಾನೇ ಹೋಗಿ, ಗಾಡಿ ಹೊಡೀತಿದ್ದೋನು ನಾನೇ, ಗಂಟೆ ಎಲ್ಲಿದೆ ಅಂತ ಹೇಳಲ್ಲ ಅಂದ. ಇಬ್ಬರ ಹೆಸರೂ ಒಂದೇ, ಸಿಪಾಯಿಗಳು ನಂಬಿದ್ರು. ಎಷ್ಟು ಹೊಡೆದ್ರೂ ಕೆರೆ ಹೆಸರೂ ಎತ್ತಲಿಲ್ಲ, ನಮ್ಮಪ್ಪನ ಹೆಸರೂ ಎತ್ತಲಿಲ್ಲ. ಆಮೇಲೆ ತಪ್ಪಿಸ್ಕೊಂಡು ಹೋದೋನು ಊರಿಗೆ ಬರಲೇ ಇಲ್ಲ. ನೆಗೊವೊದಲ್ಲಿ ಇದ್ದ ಅಂತಾರಲ್ಲ, ಬದುಕಿದ್ದನಲ್ಲ, ಸದ್ಯ.”

ಸ್ಪಾಸೆ ಚಾಕು ಕೆಳಗಿಟ್ಟ. “ಅತ್ತೆ, ನಾನು ಮೆಟ್ಟಿಲ ಮೇಲೆ ಕಾಗದ ಓದಿಸಿದಾಗ ನೀನು ಮುಂದಿನ ಸಾಲಲ್ಲೇ ನಿಂತಿದ್ದೆ. ಯಾಕೆ ಹೇಳಲಿಲ್ಲ?”

“ನೀನು ಕೇಳಿದ್ಯೇನಪ್ಪ? ನೀನು ಹೇಳ್ತಾ ಇದ್ದೆ. ನಾನು ಕೇಳ್ತಾ ಇದ್ದೆ.”

ಮದುವೆಗೆ ಅಡ್ಡಿಯಿಲ್ಲ. ಎಲಿತ್ಸಾ ನಿದ್ದೆ ದಮ್ಯಾನನ ಮರಿಮಗಳು, ಬೋಯನ್ ಉದ್ದ ದಮ್ಯಾನನ ಮರಿಮಗ. ನಡುವೆ ಒಂದು ಬೀದಿ ಬಿಟ್ಟರೆ ಸಂಬಂಧವೇ ಇಲ್ಲ. ಸಂತೋಷಕ್ಕೆ ನಾನು ಕಾರಿನ ಹಾರನ್ ಒತ್ತಿಕೊಂಡೇ ಪಾದ್ರಿಗಳ ಮನೆಗೆ ಹೋದೆ. ಪಕ್ಕದಲ್ಲಿ ಕೂತ ಸ್ಪಾಸೆ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ.

ಪಾದ್ರಿ ಯೋನ ಎಲ್ಲ ಕೇಳಿದರು. “ಕಲಿನಾ ಅಜ್ಜಿ ಮಾತು ನನಗೆ ಸಾಕು. ಆದ್ರೆ ನಿನ್ನ ಪ್ರಮಾಣ ಇದೆಯಲ್ಲ ಸ್ಪಾಸೆ, ಅದನ್ನ ನೀನೇ ವಾಪಸು ತಗೋಬೇಕು.”

“ತಗೊಂಡೆ ಪಾದ್ರಿಗಳೇ. ಈಗಲೇ, ಇಲ್ಲೇ.”

“ಮಾಡಿದ್ದು ಎಲ್ಲಿ?”

“ಮೆಟ್ಟಿಲ ಮೇಲೆ.”

“ಯಾರ ಮುಂದೆ?”

“ಊರ ಮುಂದೆ.”

“ಹಾಗಾದ್ರೆ ಬರೋ ಭಾನುವಾರ” ಅಂದರು ಪಾದ್ರಿಗಳು.

ಆ ವಾರ ಸ್ಪಾಸೆಗೆ ಏನೇನೋ ಹೊಳೆಯಿತು. ನನಗೆ ಒಂದೊಂದಾಗಿ ಬಂದು ಹೇಳುತ್ತಿದ್ದ. ಅಜ್ಜ ನಿದ್ದೆ ಹೋದದ್ದು ಬೇಕೆಂದೇ, ಅದೊಂದು ಉಪಾಯ ಎಂದು ಹೇಳಿದರೆ ಹೇಗೆ? ಗಾಡಿಯ ಕಥೆ ಬಿಟ್ಟು ಬರೀ ‘ಇನ್ನೊಬ್ಬ ದಮ್ಯಾನ್’ ಎಂದರೆ ಹೇಗೆ? ನಾನು ಎಲ್ಲಕ್ಕೂ ಹೂಂ ಅಂದೆ. ಭಾನುವಾರ ಬೆಳಿಗ್ಗೆ ನೆವೆಂಕಾ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಅವಳಿಗೂ ಅದನ್ನೇ ಹೇಳಿದನಂತೆ. ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು.

“ನಿನ್ನನ್ನ ಮದುವೆ ಆಗುವಾಗ ನಿಮ್ಮಜ್ಜ ಯಾರು ಅಂತ ನಾನು ಕೇಳಿದ್ನಾ?”

“ಇಲ್ಲ.”

“ಎಚ್ಚರವಾಗಿದ್ರಾ, ಮಲಗಿದ್ರಾ ಅಂತ ಕೇಳಿದ್ನಾ?”

“ಇಲ್ಲ.”

“ಅಂಗಿ ಈಗಲೇ ಹಾಕ್ಕೋಬೇಡ, ಇನ್ನೂ ಬಿಸಿ ಇದೆ” ಎಂದು ಅಂಗಿಯನ್ನು ಒಮ್ಮೆ ಕೊಡವಿ ಕೊಟ್ಟಳು. ಅಲ್ಲಿಗೆ ಉಪಾಯಗಳು ಮುಗಿದವು.

ಅಂದು ಚರ್ಚಿನ ಅಂಗಳದಲ್ಲಿ ಈಸ್ಟರ್ ಹಬ್ಬಕ್ಕೂ ಸೇರದಷ್ಟು ಜನ. ನೆಗೊವೊದಿಂದ ಲಜಾರರೂ ಮನೆಯವರ ಸಮೇತ ಬಂದಿದ್ದರು. ಕಾರಿನಲ್ಲಿ ಕರೆತಂದವನು ನಾನೇ, ದಾರಿಯಲ್ಲಿ ಒಂದು ಮಾತೂ ಹೇಳಬಾರದು ಎಂದು ಸ್ಪಾಸೆ ನನ್ನಿಂದ ಭಾಷೆ ತೆಗೆದುಕೊಂಡಿದ್ದ. ಇಪ್ಪತ್ತು ಮೈಲಿ ಹವಾಮಾನದ ಬಗ್ಗೆ ಮಾತಾಡಿದೆ. ಲಜಾರ್ ಚರ್ಚಿನ ಗಿಡ್ಡ ಬಾಗಿಲಲ್ಲಿ ಬಗ್ಗಿ ಹೊರಬಂದಾಗ ಮೆಟ್ಟಿಲ ಬಳಿ ಕೂತಿದ್ದ ಕಲಿನಾ ಅತ್ತೆ ಕತ್ತೆತ್ತಿ ನೋಡಿ, “ಹೂಂ, ಉದ್ದ ದಮ್ಯಾನನ ಪೈಕಿ” ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಸ್ಪಾಸೆ ಮೆಟ್ಟಿಲೇರಿ ಶಿಲುಬೆ ಮುಟ್ಟಿದ.

“ಕಲ್ಲಿನ ಮೇಲಿರೋ ದಮ್ಯಾನ್ ನಮ್ಮಜ್ಜ ಅಲ್ಲ. ನಮ್ಮ ಬೀಗರು ಲಜಾರ್ ಅವರ ಅಜ್ಜ. ಕಚೇರಿಯವರದ್ದು ತಪ್ಪಿಲ್ಲ, ನಾನು ಏನು ಕೇಳಿದ್ನೋ ಅದನ್ನೇ ಕಾಗದ ಹೇಳ್ತು. ನಮ್ಮಜ್ಜ ಬೇರೆ ದಮ್ಯಾನ್. ಅವರು ಗಂಟೆ ಇದ್ದ ಗಾಡಿ ಹೊಡೀತಿದ್ರು. ದಾರೀಲಿ...”

ದನಿ ತಗ್ಗಿತು. ಜನ ಮುಂದಕ್ಕೆ ಬಾಗಿದರು.

“ದಾರೀಲಿ ನಿದ್ದೆ ಹೋದ್ರು.”

“ಹಿಂದೆ ಕೇಳಿಸ್ತಿಲ್ಲ” ಎಂದು ಗಿಲೆ ಕೂಗಿದ.

ಸ್ಪಾಸೆ ಅವನನ್ನು ದಿಟ್ಟಿಸಿ ನೋಡಿದ. ತಂಬಾಕಿನ ತೂಕ ಕೂಗಿ ಹೇಳುವಾಗಿನ ಗಂಟಲು ತೆಗೆದ. “ನಿದ್ದೆ ಹೋದ್ರು. ಗಾಡಿ ಮಗುಚ್ತು. ಗಂಟೆ ಕೆರೆಗೆ ಬಿತ್ತು. ಈಗ ಕೇಳಿಸ್ತಾ?”

ಗಿಲೆಗೆ ಕೇಳಿಸಿತು. ಗುಡ್ಡದ ಆಚೆಯವರಿಗೂ ಕೇಳಿಸಿರಬೇಕು. ಜನ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಅಂಗಳದ ಬೆಂಚಿನಿಂದ ಲಜಾರ್ ಎದ್ದು ನಿಂತರು. ಅವರು ಎದ್ದರೆ ಸುತ್ತಲಿನವರಿಗೆ ನೆರಳು ಬೀಳುತ್ತದೆ.

“ಅಂದ್ರೆ, ಗಂಟೆ ಮುಳುಗಿಸಿದ್ದು ನಮ್ಮಜ್ಜ ಅಲ್ಲ ಅಂತೀರಾ?”

ಸ್ಪಾಸೆ ತನ್ನ ಅಜ್ಜನನ್ನು ಕೆಳಗಿಳಿಸಲು ಮೆಟ್ಟಿಲು ಹತ್ತಿ, ಬೀಗರ ಅಜ್ಜನನ್ನೂ ಜೊತೆಗೇ ಎಳೆದುಕೊಂಡು ಬಿದ್ದಿದ್ದ. ಬೋಯನ್ ಅಪ್ಪನ ತೋಳು ಹಿಡಿದ. ಎಲಿತ್ಸಾ ಕಣ್ಣು ಮುಚ್ಚಿದಳು.

ಉತ್ತರ ಕೊಟ್ಟವಳು ಕಲಿನಾ ಅತ್ತೆ, ಕೂತಲ್ಲಿಂದಲೇ.

“ಮುಳುಗಿಸಿದ್ದು ಎತ್ತು ಕಣಪ್ಪ. ಮುಚ್ಚಿಟ್ಟಿದ್ದು ನಿಮ್ಮಜ್ಜ. ಎತ್ತಿಗೆ ಯಾರೂ ಹೊಡೀಲಿಲ್ಲ.”

ಲಜಾರ್ ನಿಧಾನವಾಗಿ ಅವಳ ಕಡೆ ತಿರುಗಿದರು. “ಅಜ್ಜಿ, ಏಟು ತಿಂದಿದ್ದು ನಿಜಾನಾ?”

“ನಮ್ಮಪ್ಪನ ಪಾಲಿನ ಏಟು ಅದು. ನಿಮ್ಮಜ್ಜ ತಿಂದ. ನಮ್ಮಪ್ಪ ಎಲ್ಲಾ ಮರೀತಿದ್ದ, ಎಲ್ಲೆಂದ್ರಲ್ಲಿ ಮಲಗ್ತಿದ್ದ. ನಿಮ್ಮಜ್ಜನ ಹೆಸರು ಎತ್ತಿದ ದಿನ ಮಾತ್ರ ಅವನಿಗೆ ನಿದ್ದೆ ಬರ್ತಿರಲಿಲ್ಲ.”

ಲಜಾರ್ ಮೆಟ್ಟಿಲು ಹತ್ತಿ ಸ್ಪಾಸೆಯ ಪಕ್ಕದಲ್ಲಿ ನಿಂತು, ಅವನ ಹೆಗಲ ಮೇಲೆ ಕೈಯಿಟ್ಟರು. ಹೆಗಲು ಒಂದು ಕಡೆ ಇಳಿಯಿತು.

“ಬೀಗ್ರೇ” ಅಂದರು.

ಆ ಒಂದು ಮಾತಿಗೆ ನೆವೆಂಕಾ ಅತ್ತಳು. ಅಣ್ಣ, ತಮ್ಮ ಏನೂ ಅನ್ನದೆ, ಬರೀ ಬೀಗ್ರೇ ಅಂದಿದ್ದರು.

“ನಿಮ್ಮಜ್ಜ ಮಲಗದೇ ಇದ್ದಿದ್ರೆ ಗಂಟೆ ಫಿರಂಗಿ ಆಗ್ತಿತ್ತು. ನಮ್ಮಜ್ಜ ನೆಗೊವೊಗೆ ಬರ್ತಿರಲಿಲ್ಲ, ನಮ್ಮಜ್ಜೀನ ನೋಡ್ತಿರಲಿಲ್ಲ. ನಾನೂ ಇರ್ತಿರಲಿಲ್ಲ, ಈ ಹುಡುಗನೂ ಇರ್ತಿರಲಿಲ್ಲ” ಅಂದರು ಲಜಾರ್. ಹೇಳಿ ಮುಗಿಸಿ ತಾವೇ ಮೊದಲು ನಕ್ಕರು. ಆಮೇಲೆ ನಕ್ಕ ಊರು ಸ್ಪಾಸೆಯನ್ನು ನೋಡಿ ನಗಲಿಲ್ಲ, ಸ್ಪಾಸೆಯ ಜೊತೆ ನಕ್ಕಿತು. ಅದು ಬೇರೆ ನಗು. ಅವನಿಗೂ ಅದು ತಿಳಿಯಿತು. ಟೋಪಿ ತೆಗೆದು ಮುಖ ಒರೆಸಿಕೊಂಡ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಮದುವೆ ಆಯಿತು. ಕುರಿಯನ್ನು ನೆವೆಂಕಾ ಯಾವತ್ತೋ ಹೇಳಿಟ್ಟಿದ್ದಳು. ಪತ್ರಿಕೆ ಗಿಲೆ ಮತ್ತೆ ಅಚ್ಚು ಹಾಕಿದ, ಹುಡುಗ ಹುಡುಗಿಯ ಹೆಸರು ಮಾತ್ರ, ಮಾಮೂಲಿ ಹಳದಿಯಲ್ಲಿ. ಊಟದ ಸಭಾಂಗಣದಲ್ಲಿ ಎರಡೂ ಕಡೆಯವರನ್ನು ಪರಿಚಯ ಮಾಡಿಕೊಡುವ ಹೊತ್ತು ಬಂದಾಗ ಸ್ಪಾಸೆ ಯಾರ ಅಪ್ಪಣೆಗೂ ಕಾಯದೆ ಎದ್ದು ನಿಂತ.

“ನಾನು ಸ್ಪಾಸೆ. ಗಾಡಿ ಮೇಲೆ ನಿದ್ದೆ ಹೋದ ದಮ್ಯಾನನ ಮೊಮ್ಮಗ.”

ಸಭಾಂಗಣದ ತುಂಬ ಚಪ್ಪಾಳೆ. ಅದು ನಿಲ್ಲುವ ಮೊದಲೇ ಹಿಂದಿನ ಮೇಜಿನಿಂದ ಬೇಕರಿಯ ವೆಲ್ಕೊ ಕೈಯೆತ್ತಿದ. ನೆಟ್ಟಗಿನ ಮನುಷ್ಯ, ಎಂದೂ ಯಾರ ತಂಟೆಗೂ ಹೋದವನಲ್ಲ. ಅವನ ಮುಖ ಕೆಂಪಾಗಿತ್ತು.

“ಒಂದು ಮಾತು. ಆ ಎತ್ತುಗಳಿದ್ವಲ್ಲ, ಅವು ನಮ್ಮ ಮನೇವು. ನಮ್ಮ ತಾತ ಯಾವಾಗಲೂ ಹೇಳ್ತಿದ್ರು.”

ಎಲ್ಲರೂ ಸ್ಪಾಸೆಯತ್ತ ತಿರುಗಿದರು. ಅವನು ಲೋಟ ಕೆಳಗಿಟ್ಟು ಗಂಭೀರವಾಗಿ ಕೇಳಿದ.

“ದಾಖಲೆ ಏನಾದ್ರೂ ಇದೆಯಾ ವೆಲ್ಕೊ?”

“ಇಲ್ಲ.”

“ಬಹಳ ಒಳ್ಳೇದಾಯ್ತು. ಬಾ, ಇಲ್ಲಿ ನಮ್ಮ ಜೊತೆ ಕೂತ್ಕೊಂಡು ಊಟ ಮಾಡು.”